ಚೆನ್ನೆಮಣೆಯ ಎರಡು ಖಾಲಿ ಗುಳಿಗಳು

ಮೂವತ್ತನಾಲ್ಕು ವರ್ಷ ನಾನು ರಸ್ತೆ ಬದಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಸಂಬಳ ತೆಗೆದುಕೊಂಡೆ. ಹೋಗುವ ಬರುವ ಗಾಡಿಗಳನ್ನು ಎಣಿಸುವುದು ನನ್ನ ಕೆಲಸ. ಹುಡುಗಿ ನೋಡಲು ಹೋದಾಗ ಭಾವೀ ಮಾವ, "ಎಣಿಸುವುದು ಸರಿ, ಮತ್ತೆ ಕೆಲಸ ಎಂತ ಮಾಡುವುದು?" ಎಂದು ಕೇಳಿದ್ದರು. ಅದೇ ಕೆಲಸ ಎಂದು ನಂಬಿಸಲು ನನ್ನ ಅಣ್ಣನಿಗೆ ಎರಡು ಲೋಟ ಕಾಫಿಯಷ್ಟು ಹೊತ್ತು ಬೇಕಾಯಿತು.

ಈಗ ಈ ಕೆಲಸಕ್ಕೆ ಬರುವ ನಿಮಗೆ ಸ್ಟೂಲ್ ಬೇಡ. ಕಂಬದ ಮೇಲೆ ಕ್ಯಾಮೆರಾ ಇದೆ, ಎಣಿಸುವುದಕ್ಕೆ ಕಂಪ್ಯೂಟರ್ ಇದೆ. ಇನ್ನು ಡ್ರೈವರ್ ಇಲ್ಲದೆ ತಾನಾಗಿ ಓಡುವ ಗಾಡಿಯೂ ಬರುತ್ತಿದೆ. ಅದು ತನ್ನ ಸುತ್ತಲಿನದನ್ನೆಲ್ಲ ತಾನೇ ಎಣಿಸಿಕೊಳ್ಳುತ್ತದಂತೆ. ಹಾಗಾದರೆ ಈ ಮುದುಕನ ಕಥೆ ಯಾಕೆ ಎಂದು ಕೇಳಬಹುದು. ನಾನು ಮಾಡಿದ ಒಂದು ತಪ್ಪು ನನ್ನ ನಂತರವೂ ಸೇವೆಯಲ್ಲಿ ಉಳಿಯಿತು. ನಾನು ನಿವೃತ್ತನಾದರೂ ಅದು ಆಗಲಿಲ್ಲ. ಆ ತಪ್ಪನ್ನು ನಿಮಗೆ ಹೇಳಿಬಿಡಬೇಕು.

ನನ್ನದು ಒಂದು ಸಣ್ಣ ಖಾಸಗಿ ಸರ್ವೆ ಕಂಪನಿ. ಮುಂಬೈ ಪಕ್ಕದ ಠಾಣೆ ಊರಿನಲ್ಲಿ ಎರಡು ಕೋಣೆಯ ಆಫೀಸು. ಯಾರಾದರೂ ರಸ್ತೆ ಅಗಲ ಮಾಡಬೇಕು, ಸಿಗ್ನಲ್ ಹಾಕಬೇಕು, ಮೇಲ್ಸೇತುವೆ ಕಟ್ಟಬೇಕು ಎಂದುಕೊಂಡರೆ ಮೊದಲು ನಮ್ಮನ್ನು ಕರೆಯುತ್ತಿದ್ದರು. ನಾವು ಎಣಿಸಿ ಕೊಟ್ಟ ಹಾಳೆಯ ಮೇಲೆ ಅವರು ನಕ್ಷೆ ಬರೆಯುತ್ತಿದ್ದರು. ನನ್ನ ಜೊತೆಗಾರ ಕದಂ, ರತ್ನಾಗಿರಿಯವನು, ಗಂಟಲು ದೊಡ್ಡದು. ನಮ್ಮ ಮೇಲಿನವರು ಪ್ರಧಾನ್ ಸಾಹೇಬರು. ಅವರ ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತಿತ್ತು. ಆ ಪೆನ್ಸಿಲ್ ಕೆಳಗೆ ಇಳಿಯಿತೆಂದರೆ ನಮ್ಮಲ್ಲಿ ಯಾರಿಗೋ ಗ್ರಹಚಾರ ಕೆಟ್ಟಿತು ಎಂದೇ ಅರ್ಥ.

ನನಗೆ ಮೊದಲು ಗ್ರಹಚಾರ ಕೆಟ್ಟದ್ದು ಭಿವಂಡಿಯಲ್ಲಿ. ಕೆಲಸಕ್ಕೆ ಸೇರಿದ ಹೊಸತು, ಜುಲೈ ತಿಂಗಳು. ಗೋದಾಮುಗಳ ಕಡೆಗೆ ಹೋಗುವ ರಸ್ತೆಯ ತಿರುವಿನಲ್ಲಿ ಕೂತಿದ್ದೆ. ಮಧ್ಯಾಹ್ನ ಮಳೆ ಎಷ್ಟು ಜೋರಾಯಿತೆಂದರೆ ಛತ್ರಿಯ ಒಳಗೂ ಮಳೆ. ಹಾಳೆ ನೆನೆದು ಪೆನ್ಸಿಲ್ ಹತ್ತುತ್ತಿರಲಿಲ್ಲ. ಎದುರಿಗೆ ಚಹಾದ ಅಂಗಡಿ. ಹೋಗಿ ಕೂತೆ. ಹಿಂದಿನ ಗಂಟೆಯಲ್ಲಿ ಎಷ್ಟು ಲಾರಿ, ಎಷ್ಟು ಟೆಂಪೋ ಹೋಗಿದ್ದವೋ, ಅದನ್ನೇ ಸ್ವಲ್ಪ ಹೆಚ್ಚುಕಮ್ಮಿ ಮಾಡಿ ಮುಂದಿನ ಗಂಟೆಗೂ ತುಂಬಿಸಿದೆ. ಬಜ್ಜಿಯೂ ಚೆನ್ನಾಗಿತ್ತು.

ಮರುದಿನ ಪ್ರಧಾನ್ ಸಾಹೇಬರು ಹಾಳೆ ನೋಡಿದರು. ಪೆನ್ಸಿಲ್ ಇಳಿಯಿತು. "ವಾಸು, ಮೂರರಿಂದ ನಾಲ್ಕು ಗಂಟೆ. ಇಷ್ಟೆಲ್ಲ ಗಾಡಿ ನೀನು ಕಣ್ಣಾರೆ ನೋಡಿದೆಯಾ?" ಎಂದು ಮರಾಠಿಯಲ್ಲಿ ಮೃದುವಾಗಿ ಕೇಳಿದರು. ನೋಡಿದೆ ಎಂದೆ. "ನಿನ್ನೆ ಆ ಹೊತ್ತಿಗೆ ನಿನ್ನಿಂದ ಅರ್ಧ ಮೈಲಿ ಹಿಂದೆ ಒಂದು ಟ್ರೇಲರ್ ಅಡ್ಡ ಬಿದ್ದಿತ್ತು. ರಸ್ತೆ ಪೂರಾ ಬಂದ್. ನಾನೇ ಅದರ ಹಿಂದೆ ಬಸ್ಸಿನಲ್ಲಿ ಸಿಕ್ಕಿಕೊಂಡಿದ್ದೆ. ಒಂದು ಸೈಕಲ್ ಸಹ ದಾಟಿಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಬೈಯಲಿಲ್ಲ, ಸಂಬಳ ಹಿಡಿಯಲಿಲ್ಲ. ಅದೇ ತಿರುವಿನಲ್ಲಿ ಮತ್ತೊಂದು ವಾರ ಕೂರಿಸಿದರು. "ಬರುತ್ತದೆ ಅಂತ ಗೊತ್ತಿದ್ದರೂ ಬಂದ ಮೇಲೆ ಬರಿ" ಎಂದಷ್ಟೇ ಹೇಳಿದರು. ಆಮೇಲೆ ನಾನು ಎಣಿಸುವುದರಲ್ಲಿ ಮೋಸ ಮಾಡಿದ್ದಿಲ್ಲ. ಮೋಸ ಮಾಡದೆಯೂ ಅನ್ಯಾಯ ಮಾಡಬಹುದು ಎಂಬುದು ತಿಳಿಯಲು ಇನ್ನೂ ಬಹಳ ವರ್ಷ ಬೇಕಿತ್ತು.

ಆ ಮಳೆಯ ದಿನದ ಇನ್ನೊಂದು ಫಲ ಚೆನ್ನೆಮಣೆ. ನೆನೆಯದ ಹಾಳೆ ಎಲ್ಲಿಂದ ತರುವುದು ಎಂದು ಡೊಂಬಿವಲಿಯ ಮನೆಯಲ್ಲಿ ತಲೆ ಕೆರೆದುಕೊಳ್ಳುತ್ತಿದ್ದಾಗ ಮಂಚದ ಕೆಳಗೆ ಅಮ್ಮನ ಚೆನ್ನೆಮಣೆ ಕಂಡಿತು. ಉಡುಪಿಯಿಂದ ಬರುವಾಗ ಅಮ್ಮ ಪಾತ್ರೆಗಳ ಜೊತೆ ತಂದದ್ದು. ಉದ್ದನೆಯ ಮರದ ಹಲಗೆ. ಒಂದು ಸಾಲಿಗೆ ಏಳರಂತೆ ಎರಡು ಸಾಲು ಗುಳಿ. ಗುಳಿಗಳಲ್ಲಿ ಹಾಕಿ ಆಡಲು ಕೆಂಪು ಮಂಜೊಟ್ಟಿ ಬೀಜ. ನಾಲ್ಕು ರಸ್ತೆ ಕೂಡುವಲ್ಲಿ ಪ್ರತಿ ದಿಕ್ಕಿನಿಂದ ಬರುವ ಗಾಡಿಗೂ ಮೂರು ದಾರಿ: ಎಡಕ್ಕೆ, ನೇರಕ್ಕೆ, ಬಲಕ್ಕೆ. ಒಟ್ಟು ಹನ್ನೆರಡು. ಮಣೆಯಲ್ಲಿ ಹದಿನಾಲ್ಕು ಗುಳಿ. ಆರ್ಕಿಮಿಡೀಸನಿಗೆ ತೊಟ್ಟಿಯಲ್ಲಿ ಆದದ್ದು ನನಗೆ ಮಂಚದ ಕೆಳಗೆ ಆಯಿತು.

ಅಮ್ಮ ಬಿಡಲಿಲ್ಲ. "ಮಳೆಗಾಲದ ಆಟಿ ತಿಂಗಳಲ್ಲಿ ಆಡುವ ಮಣೆಯನ್ನು ವರ್ಷವಿಡೀ ಮಾರ್ಗದಲ್ಲಿ ಇಟ್ಟುಕೊಂಡು ಕೂತರೆ ನೋಡಿದವರು ಎಂತ ಹೇಳ್ಲಿಕ್ಕಿಲ್ಲ?" ಎಂದರು. ಆದರೂ ಕೊಂಡೊಯ್ದೆ, ನೋಡಿದವರು ನಕ್ಕರು. ಪ್ರಧಾನ್ ಸಾಹೇಬರು ಮಾತ್ರ ನಗಲಿಲ್ಲ. ಹತ್ತು ನಿಮಿಷ ಪಕ್ಕದಲ್ಲಿ ನಿಂತು ತಾವೂ ಎಣಿಸಿ ತಾಳೆ ನೋಡಿದರು, ಪೆನ್ಸಿಲ್ ಕಿವಿಯ ಮೇಲೇ ಉಳಿಯಿತು. ಕದಂ ನಿಂತುಕೊಂಡು, "ಸ್ಟೇಷನ್ ಸೀಧಾ ದಸ್! ಶೀಳ್ ಡಾವೀಕಡೆ ದಸ್!" ಎಂದು ಕೂಗುವುದು; ಸ್ಟೇಷನ್ ಕಡೆಯಿಂದ ನೇರಕ್ಕೆ ಹತ್ತು, ಶೀಳ್ ಕಡೆಯಿಂದ ಎಡಕ್ಕೆ ಹತ್ತು ಎಂದರ್ಥ. ನಾನು ಆಯಾ ಗುಳಿಗೆ ಒಂದು ಬೀಜ ಹಾಕುವುದು. ಒಂದು ಬೀಜಕ್ಕೆ ಹತ್ತು ಗಾಡಿ. ಕಾಲು ಗಂಟೆಗೊಮ್ಮೆ ಬೀಜ ಲೆಕ್ಕ ಹಾಕಿ ಹಾಳೆಗೆ ಇಳಿಸಿ ಮಣೆ ಖಾಲಿ ಮಾಡುವುದು. ನನ್ನ ಅಪ್ಪ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು. ಎಂಟು ಟೇಬಲ್ಲಿನ ಸಾದಾ, ಮಸಾಲೆ, ಸೆಟ್ ದೋಸೆಗಳನ್ನು ಬರೆದುಕೊಳ್ಳದೆ ಅಡುಗೆಮನೆಗೆ ಕೂಗುತ್ತಿದ್ದರು. ಕೂಗಿದ್ದನ್ನು ಕಿವಿಯಲ್ಲಿ ಹಿಡಿದಿಡುವ ಅಭ್ಯಾಸ ನನಗೆ ಅಲ್ಲಿಂದ ಬಂತು.

ಉಳಿದ ಎರಡು ಗುಳಿ ಖಾಲಿಯೇ ಇರುತ್ತಿದ್ದವು.

ಡೊಂಬಿವಲಿಯ ಪಕ್ಕದ ಕಲ್ಯಾಣದಲ್ಲಿ ಕೆಲಸ ಬಂದಾಗ ನನಗೆ ಸರ್ವೀಸು ಅರ್ಧ ಮುಗಿದಿತ್ತು. ಸ್ಟೇಷನ್ನಿನ ಪೂರ್ವಕ್ಕೆ ಒಂದು ದೊಡ್ಡ ರಸ್ತೆ, ಅದನ್ನು ಅಡ್ಡ ದಾಟುವ ಒಂದು ಸಣ್ಣ ಗಲ್ಲಿ. ಗಲ್ಲಿಯ ಈ ಬದಿಯಲ್ಲಿ ಒಂದೊಂದು ಕೋಣೆಯ ಸಾಲುಮನೆಗಳ ಚಾಳುಗಳು, ಆ ಬದಿಯ ಮೂಲೆಯಲ್ಲಿ ನಮ್ಮ ಕಡೆಯವರ ಒಂದು ಶುದ್ಧ ಶಾಕಾಹಾರಿ ಹೋಟೆಲು. ರಸ್ತೆಯ ನಡುವೆ ಡಿವೈಡರ್ ಹಾಕಬೇಕಿತ್ತು. ಗಲ್ಲಿಯ ಎದುರು ಡಿವೈಡರಿಗೆ ಬಾಯಿ ಬಿಡಬೇಕೋ ಮುಚ್ಚಬೇಕೋ ಎಂಬುದು ನಮ್ಮ ಎಣಿಕೆಯ ಮೇಲೆ ನಿಂತಿತ್ತು. ನಾನು ಚಾಳಿನ ಬದಿಯಲ್ಲಿ ಒಂದು ಇಸ್ತ್ರಿ ಅಂಗಡಿಯ ನೆರಳಲ್ಲಿ ಮಣೆ ಇಟ್ಟುಕೊಂಡು ಕೂತೆ.

ಗಿರಿಜಕ್ಕ ಕಂಡದ್ದು ಅಲ್ಲಿ. ಕಾರ್ಕಳ ಕಡೆಯವರು. ಗಂಡ ತೀರಿಕೊಂಡ ಮೇಲೆ ಆ ಹೋಟೆಲಿನ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವುದು, ತರಕಾರಿ ಹೆಚ್ಚುವುದು ಮಾಡುತ್ತಿದ್ದರು. ಮನೆ ಈ ಬದಿಯ ಚಾಳಿನಲ್ಲಿ, ಕೆಲಸ ಆ ಬದಿಯಲ್ಲಿ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಆದ್ದರಿಂದ ದಿನಕ್ಕೆ ನಾಲ್ಕೈದು ಸಲ ರಸ್ತೆ ದಾಟಬೇಕು. ದಾಟುವ ರೀತಿ ನಮ್ಮ ಊರುಗಳಲ್ಲಿ ಎಲ್ಲರೂ ದಾಟುವಂಥದ್ದೇ: ಗಾಡಿಯ ಕಡೆಗೆ ಅಂಗೈ ತೋರಿಸುವುದು, ಡ್ರೈವರನ ಕಣ್ಣು ನೋಡುವುದು, ಹೆಜ್ಜೆ ಇಡುವುದು. ಡ್ರೈವರು ಬೈದುಕೊಂಡೇ ನಿಲ್ಲಿಸುತ್ತಾನೆ.

ಮಣೆ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. "ಎಂತ ಮಾರಾಯ್ರೆ, ನಿಮಗೆ ಆಡ್ಲಿಕ್ಕೆ ಮಾರ್ಗವೇ ಸಿಕ್ಕಿದ್ದಾ? ಜೊತೆಗೆ ಆಡುವವರು ಯಾರು?" ಎಂದರು. ಕದಂನನ್ನು ತೋರಿಸಿದೆ. ಇನ್ನೂ ನಕ್ಕರು. ಮೂರು ದಿನ ನಾನಲ್ಲಿ ಕೂತೆ. ಮೂರೂ ದಿನ ಹೋಟೆಲಿನಿಂದ ನನಗೂ ಕದಂಗೂ ಚಾ ತಂದುಕೊಟ್ಟರು. ಒಂದು ಕೈಯಲ್ಲಿ ಎರಡು ಲೋಟ, ಇನ್ನೊಂದು ಕೈ ಗಾಡಿಗಳಿಗೆ ಅಡ್ಡ. ಒಂದು ಹನಿ ಚೆಲ್ಲುತ್ತಿರಲಿಲ್ಲ.

ಮೂರನೆಯ ದಿನ ಅವರು ಮಣೆಯ ಕಡೆ ಬಗ್ಗಿ ಕೇಳಿದರು. "ಈ ಎರಡು ಗುಳಿ ಯಾಕೆ ಯಾವಾಗ್ಲೂ ಖಾಲಿ?"

"ಅದಕ್ಕೆ ಗಾಡಿ ಇಲ್ಲ" ಎಂದೆ.

ಅವರು ಖಾಲಿ ಲೋಟ ತೆಗೆದುಕೊಂಡು ಅಂಗೈ ತೋರಿಸಿ ದಾಟಿಹೋದರು. ನನ್ನ ಕಣ್ಣೆದುರೇ ಹೋದರು. ಅವರ ಹಿಂದೆ ಶಾಲೆಯ ಮಕ್ಕಳು, ಹಾಲಿನವನು, ಗರ್ಭಿಣಿಯೊಬ್ಬಳನ್ನು ದವಾಖಾನೆಗೆ ಕರೆದೊಯ್ಯುವ ಅವಳ ಅಮ್ಮ. ನಮ್ಮ ಫಾರಮ್ಮಿನಲ್ಲಿ ಲಾರಿ, ಬಸ್ಸು, ಕಾರು, ರಿಕ್ಷಾ, ಸೈಕಲ್, ಕೈಗಾಡಿ ಎಲ್ಲಕ್ಕೂ ಜಾಗವಿತ್ತು. ಕೊನೆಗೆ 'ಪಾದಚಾರಿ' ಎಂದೂ ಒಂದು ಸಾಲಿತ್ತು, ಆದರೆ ಅದನ್ನು ಯಾರೂ ಕೇಳುತ್ತಿರಲಿಲ್ಲ, ಯಾರೂ ತುಂಬುತ್ತಿರಲಿಲ್ಲ. ನಾನೂ ಒಂದು ಅಡ್ಡ ಗೀಟು ಎಳೆದೆ. ಎಣಿಸಿಲ್ಲ ಎನ್ನುವುದು ಅದರ ಅರ್ಥ. ಆಫೀಸಿನಲ್ಲಿ ಟೈಪು ಮಾಡುವಾಗ ಅದು ಸೊನ್ನೆಯಾಯಿತು. ಎಣಿಸಿಲ್ಲ ಎನ್ನುವುದು ಇಲ್ಲವೇ ಇಲ್ಲ ಎಂದಾಯಿತು. ಗಲ್ಲಿಗೆ ಗಾಡಿಗಳೂ ಕಮ್ಮಿ. ಡಿವೈಡರಿಗೆ ಬಾಯಿ ಬೇಡ ಎಂದು ನಿರ್ಧಾರವಾಯಿತು.

ಸೊಂಟದೆತ್ತರದ ಸಿಮೆಂಟಿನ ಗೋಡೆ ಎದ್ದಿತು. ದಾಟಬೇಕೆಂದರೆ ಸಿಗ್ನಲ್ಲಿನವರೆಗೆ ಹೋಗಿ ಸುತ್ತಿ ಬರಬೇಕು, ಹೋಗಲಿಕ್ಕೇ ಹದಿನೈದು ನಿಮಿಷ. ಯಾರು ಹೋಗುತ್ತಾರೆ? ಎಲ್ಲರೂ ಹತ್ತಿ ಇಳಿಯತೊಡಗಿದರು. ಗಿರಿಜಕ್ಕ ಸೀರೆ ಎತ್ತಿ ಕಟ್ಟಿಕೊಂಡು ಹತ್ತುತ್ತಿದ್ದರು. ಒಂದು ದಿನ ಜಾರಿ ಆಚೆ ಬದಿಗೆ ಬಿದ್ದರು. ಕಾಲಿನ ಗಂಟು ಮುರಿಯಿತು.

ನಾಲ್ಕೈದು ತಿಂಗಳ ನಂತರ ಬೇರೆ ಕೆಲಸಕ್ಕೆ ಕಲ್ಯಾಣಕ್ಕೆ ಹೋದವನು ಆ ಹೋಟೆಲಿಗೆ ಊಟಕ್ಕೆ ನುಗ್ಗಿದೆ. ಅಡುಗೆಮನೆಯ ಬಾಗಿಲಲ್ಲಿ ಗಿರಿಜಕ್ಕ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು ಬೀನ್ಸ್ ಹೆಚ್ಚುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. "ಚೆನ್ನೆಮಣೆಯವರು ಬಂದ್ರು" ಎಂದು ಒಳಗೆ ಕೂಗಿದರು. ಬಿದ್ದ ಕಥೆ ಹೇಳಿದರು. ಕೊನೆಗೆ, "ನೀವು ಆಫೀಸಿನಲ್ಲಿ ಇರುವವರು. ಸ್ವಲ್ಪ ಹೇಳಿ ನೋಡಿ. ಅಲ್ಲಿ ದಾರಿ ಇತ್ತಲ್ವಾ? ಅದನ್ನು ಮುಚ್ಚಿದ್ದು ಯಾರೂಂತಲೇ ಗೊತ್ತಿಲ್ಲ" ಎಂದರು.

ಹೇಳುತ್ತೇನೆ ಎಂದೆ. ಆಫೀಸಿಗೆ ಬಂದು ಪ್ರಧಾನ್ ಸಾಹೇಬರ ಮೇಜಿನವರೆಗೂ ಹೋದೆ. ಅವರು ತಲೆಯೆತ್ತಿ ನೋಡಿದರು. "ಏನಿಲ್ಲ ಸಾಹೇಬ್" ಎಂದು ತಿರುಗಿ ಬಂದೆ. ನಾಚಿಕೆಯಾಗುತ್ತದೆ ಬರೆಯಲು, ಆದರೆ ಇದೇ ನಡೆದದ್ದು. ಆಮೇಲೆ ಆ ಹೋಟೆಲಿನ ಕಡೆ ತಲೆ ಹಾಕಲಿಲ್ಲ. ಜನರೇ ಒಂದು ರಾತ್ರಿ ಡಿವೈಡರಿನ ಒಂದು ಸಿಮೆಂಟು ದಿಮ್ಮಿಯನ್ನು ಉರುಳಿಸಿ ಒಬ್ಬರು ನುಸುಳುವಷ್ಟು ಸಂದು ಮಾಡಿಕೊಂಡರು ಎಂದು ಯಾರೋ ಹೇಳಿದಾಗ ನನಗೆ ಆದ ನೆಮ್ಮದಿ ಅಷ್ಟಿಷ್ಟಲ್ಲ.

ನಂತರದ ವರ್ಷಗಳಲ್ಲಿ ಕೆಲಸದ ರೀತಿ ಬದಲಾಗುತ್ತ ಹೋಯಿತು. ರಸ್ತೆಗೆ ಅಡ್ಡ ರಬ್ಬರ್ ಕೊಳವೆ ಹಾಸುವುದು ಬಂತು. ಗಾಲಿ ಹತ್ತಿದರೆ ಪೆಟ್ಟಿಗೆಯಲ್ಲಿ ಎಣಿಕೆ. ಭಿವಂಡಿಯಲ್ಲಿ ಹಾಸಿದ ಕೊಳವೆ ಎರಡನೆಯ ದಿನ ಮಾಯ. ಹುಡುಕಿದರೆ ಒಬ್ಬ ಪುಣ್ಯಾತ್ಮ ಅದರಿಂದ ತನ್ನ ಸೈಕಲ್ಲಿನ ಹಿಂದೆ ಬಟ್ಟೆಯ ಥಾನು ಬಿಗಿದುಕೊಂಡು ಹೋಗುತ್ತಿದ್ದ. "ಒಳ್ಳೇ ಮಾಲು ಇದೆ ಸಾಬ್, ನಿಮ್ಮದಾ?" ಎಂದು ಕೇಳಿದ. ಆಮೇಲೆ ಕ್ಯಾಮೆರಾ ಬಂತು. ಮೊದಲ ವರ್ಷ ಅದು, ಬಟ್ಟೆಯ ಸುರುಳಿ ಹೇರಿದ ಕೈಗಾಡಿಯನ್ನು, ಅದನ್ನು ಎಳೆಯುವ ಇಬ್ಬರನ್ನೂ ಸೇರಿಸಿ, 'ಮಿನಿ ಬಸ್' ಎಂದು ಬರೆಯುತ್ತಿತ್ತು. ನಾನು ಮತ್ತು ಕದಂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎರಡು ವರ್ಷದಲ್ಲಿ ಅದು ನಮಗಿಂತ ಚೆನ್ನಾಗಿ ಎಣಿಸತೊಡಗಿತು, ನಮ್ಮ ನಗು ನಿಂತಿತು. ಕದಂ ಊರಿಗೆ ಹೋದ. ಪ್ರಧಾನ್ ಸಾಹೇಬರು ತೀರಿಕೊಂಡರು. ನಾನು ನಿವೃತ್ತನಾಗಿ ಡೊಂಬಿವಲಿಯ ಮನೆಯಲ್ಲಿ ಚೆನ್ನೆಮಣೆಯನ್ನು ಮತ್ತೆ ಮಂಚದ ಕೆಳಗೆ ಸರಿಸಿದೆ.

ಒಂದು ದಿನ ಫೋನು ಬಂತು. ಬೇಲಾಪುರದ ಒಂದು ಖಾಸಗಿ ಸಲಹಾ ಕಂಪನಿಯಿಂದ, ಅಶ್ವಿನಿ ಎಂಬ ಇಂಜಿನಿಯರು. ಹುಟ್ಟಿದ್ದು ಡೊಂಬಿವಲಿಯಲ್ಲಿ, ಅಪ್ಪ ಅಮ್ಮ ಕುಂದಾಪುರದವರು. ನಾನು ಕನ್ನಡದಲ್ಲಿ ಮಾತಾಡಿದರೆ ಪೂರಾ ಅರ್ಥ ಮಾಡಿಕೊಂಡು ಹಿಂದಿಯಲ್ಲಿ ಉತ್ತರಿಸುವವಳು. ಕಲ್ಯಾಣದಲ್ಲಿ ಡ್ರೈವರಿಲ್ಲದ ಸಣ್ಣ ಗಾಡಿಗಳನ್ನು ಸ್ಟೇಷನ್ನಿನಿಂದ ಓಡಿಸಿ ನೋಡುವ ಯೋಜನೆ, ಹಳೆಯ ಎಣಿಕೆಗಳ ಬಗ್ಗೆ ಕೇಳುವುದಿದೆ ಎಂದಳು. ನಾನು ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ ಬೇಲಾಪುರಕ್ಕೆ ಹೋದೆ.

ಮೊದಲು ಗಾಡಿ ತೋರಿಸಿದಳು. ಒಂದು ಆಫೀಸು ಆವರಣದ ಒಳರಸ್ತೆಯಲ್ಲಿ ಓಡುತ್ತಿತ್ತು. ಎಂಟು ಜನ ಕೂರುವ ಬಿಳಿ ಡಬ್ಬಿ. ಮುಂದೆ ಯಾರೂ ಇಲ್ಲ. ನಾನು ಅಭ್ಯಾಸಬಲದಿಂದ ಅಂಗೈ ತೋರಿಸಿ ರಸ್ತೆಗಿಳಿದೆ. ನಿಂತಿತು. ಬೈಯಲಿಲ್ಲ, ಹಾರ್ನ್ ಹೊಡೆಯಲಿಲ್ಲ.

"ಕಾಕಾ, ಹಾಥ್ ನಹೀ ದಿಖಾತೇ ತೋ ಭೀ ರುಕತೀ" ಎಂದಳು ಅಶ್ವಿನಿ. ಕೈ ತೋರಿಸದಿದ್ದರೂ ನಿಲ್ಲುತ್ತಿತ್ತಂತೆ.

ನನಗೆ ನಿಜವಾಗಿ ಸಂತೋಷವಾಯಿತು. ಆಯುಷ್ಯದಲ್ಲಿ ಕಂಡ ಗಾಡಿಗಳಲ್ಲಿ ಇಷ್ಟು ಮರ್ಯಾದಸ್ಥ ಗಾಡಿ ನೋಡಿರಲಿಲ್ಲ. ಆದರೆ ಊಟದ ಹೊತ್ತಾಯಿತು. ಆಫೀಸಿನವರು ಗುಂಪು ಗುಂಪಾಗಿ ಹೊರಬಂದರು. ಇದು ಎಲ್ಲರಿಗೂ ನಿಲ್ಲುತ್ತದೆ ಎಂದು ಅವರಿಗೆ ಆಗಲೇ ಗೊತ್ತಾಗಿತ್ತು. ಒಬ್ಬರೂ ಆ ಕಡೆ ತಿರುಗಿ ನೋಡಲಿಲ್ಲ. ಚಹಾದ ಕೆಟಲಿನವನು ಅದರ ಮೂತಿಗೆ ಒರಗಿ ನಿಂತು ಲೋಟ ತುಂಬಿಸಿದ. ಒಳಗೆ ಕೂತವರು ಗಡಿಯಾರ ನೋಡಿಕೊಂಡರು. ಗಾಡಿ ಪಾಪ, ಹೊಸ ಸೊಸೆಯ ಹಾಗೆ ಎಲ್ಲರೂ ಹೋಗಲಿ ಎಂದು ಕಾದೇ ಕಾಯಿತು.

"ಯಹೀ ಪ್ರಾಬ್ಲೆಮ್ ಹೈ" ಎಂದಳು ಅಶ್ವಿನಿ. "ಕಲ್ಯಾಣ್ ಮೇ ತೋ ಏಕ್ ಇಂಚ್ ನಹೀ ಹಿಲೇಗೀ." ಒಂದಿಂಚೂ ಅಲ್ಲಾಡಲಿಕ್ಕಿಲ್ಲ. ಅದಕ್ಕೆ ಪರಿಹಾರವಾಗಿ ರಸ್ತೆಯ ಉದ್ದಕ್ಕೂ ಎರಡೂ ಬದಿಗೆ ಆಳೆತ್ತರದ ಕಬ್ಬಿಣದ ಬೇಲಿ ಹಾಕುವುದೆಂದು ಯೋಜನೆಯಲ್ಲಿತ್ತು. ಗಾಡಿ ಜನರಿಗೆ ನಿಲ್ಲುತ್ತದೆ, ಆದ್ದರಿಂದ ಜನರೇ ಅದರ ಎದುರಿಗೆ ಬರಬಾರದು.

ಅವಳು ನಕ್ಷೆ ಬಿಡಿಸಿದಳು. ಬಹಳ ಒಳ್ಳೆಯ ಸಂಗತಿಗಳೂ ಅದರಲ್ಲಿದ್ದವು. ಇಂಥ ಗಾಡಿಗಳು ಬಂದರೆ ಸ್ಟೇಷನ್ನಿನ ಹತ್ತಿರ ದಿನವಿಡೀ ನಿಲ್ಲಿಸಿಡುವ ಬೈಕು ಕಾರುಗಳು ಕಮ್ಮಿಯಾಗುತ್ತವೆ, ಆ ಜಾಗದಲ್ಲಿ ಮರ, ಕೂರುವ ಕಟ್ಟೆ, ಅಗಲವಾದ ಫುಟ್‌ಪಾತು. ರಿಕ್ಷಾದವರ ಗತಿ ಏನು ಎಂದು ಕೇಳಿದೆ. ಅದೇ ಪ್ರಶ್ನೆಯನ್ನು ತಾನೂ ಕೇಳಿದ್ದೇನೆ, ಉತ್ತರ ಯಾರೂ ಕೊಟ್ಟಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದಳು. ಆಗ ನಕ್ಷೆಯ ಮೇಲೆ ನನ್ನ ಬೆರಳು ಸರಿಯುತ್ತ ಒಂದು ಕಡೆ ನಿಂತಿತು. ಪೂರ್ವದ ದೊಡ್ಡ ರಸ್ತೆ, ಅದೇ ಗಲ್ಲಿ. ಅಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: ಒಡೆದ ಡಿವೈಡರ್, ಮುಚ್ಚಬೇಕು. ಬೇಲಿ ಸಂದಿಲ್ಲದೆ ಮುಂದುವರಿದಿತ್ತು.

"ಇಲ್ಲಿ ಜನ ದಾಟುತ್ತಾರಲ್ಲ?" ಎಂದೆ.

ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು. ಕ್ಯಾಮೆರಾಗಳನ್ನು ಎರಡು ದೊಡ್ಡ ಸಿಗ್ನಲ್ಲುಗಳಲ್ಲಿ ಮಾತ್ರ ಇಟ್ಟಿದ್ದರು. ನಡುವಿನ ಗಲ್ಲಿಗೆ ಹಳೆಯ ಒಂದು ಹಾಳೆಯೇ ಆಧಾರ. "ಪೆಡೆಸ್ಟ್ರಿಯನ್ ಝೀರೋ" ಎಂದಳು, ಪಾದಚಾರಿ ಸೊನ್ನೆ. ಆಮೇಲೆ ಕೆಳಗಿನ ಹೆಸರು ಓದಿ, "ಕಾಕಾ, ಯೇ ಶೀಟ್ ತೋ ಆಪ್‌ಕಾ ಹೀ ಹೈ!" ಎಂದು ಹಳೆಯ ಫೋಟೋ ಸಿಕ್ಕಿದವಳ ಹಾಗೆ ಖುಷಿಪಟ್ಟಳು. ಹಾಳೆ ನನ್ನದೇ.

ಡೊಂಬಿವಲಿಗೆ ಮರಳುವ ದಾರಿಯಲ್ಲಿ ನನಗೆ ಕೂರಲು ಸೀಟು ಸಿಕ್ಕಿತ್ತು, ಕೂರಲಾಗಲಿಲ್ಲ. ಗಿರಿಜಕ್ಕ ಇನ್ನೂ ಅಲ್ಲಿದ್ದಾರೆಯೇ? ಇದ್ದರೆ ಆ ಸಂದಿಯೇ ಅವರ ದಾರಿ. ಕುಂಟುವ ಕಾಲಿಗೆ ಸಿಗ್ನಲ್ಲಿನವರೆಗಿನ ಸುತ್ತು ದಿನಕ್ಕೆ ನಾಲ್ಕು ಸಲ ಆಗುವ ಮಾತಲ್ಲ. ಬೇಲಿ ಬಿದ್ದರೆ ಕೆಲಸ ಹೋಯಿತು. ಸಿಮೆಂಟು ದಿಮ್ಮಿಯನ್ನು ಉರುಳಿಸಿದ ಹಾಗೆ ಕಬ್ಬಿಣದ ಬೇಲಿ ಉರುಳಿಸಲಾಗುವುದಿಲ್ಲ.

ಮುಂದಿನ ವಾರ ಕಂಪನಿಯ ಮೀಟಿಂಗಿನಲ್ಲಿ ನನ್ನನ್ನು ಗೌರವದಿಂದ ಕೂರಿಸಿದರು. ನಾನು ಎದ್ದು ನಿಂತು ಆ ಸೊನ್ನೆ ಸುಳ್ಳು ಎಂದೆ. ಅಲ್ಲಿ ಜನ ಇದ್ದರು, ನಾನು ನೋಡಿದ್ದೆ, ಎಣಿಸಲಿಲ್ಲ.

ಯೋಜನೆಯ ಮುಖ್ಯಸ್ಥ ಸಿಟ್ಟಿನವನಲ್ಲ, ಆದರೆ ನೆಟ್ಟಗೆ ಕೇಳುವವನು. "ಇಂಥ ಸುಳ್ಳು ಸೊನ್ನೆ ನಿಮ್ಮ ಹಾಳೆಗಳಲ್ಲಿ ಎಷ್ಟಿವೆ?"

"ಎಲ್ಲದರಲ್ಲೂ" ಎಂದೆ. "ನಾನು ಬರೆದ ಒಂದು ಹಾಳೆಯಲ್ಲೂ ನಡೆಯುವವರಿಲ್ಲ."

ಮೂವತ್ತನಾಲ್ಕು ವರ್ಷ ಒಂದು ವಾಕ್ಯದಲ್ಲಿ ಮುಗಿಯಿತು. ಆದರೆ ಎದೆ ಹಗುರಾಯಿತು ಎಂಬುದೂ ನಿಜ. ಮುಖ್ಯಸ್ಥ ಗಡ್ಡ ಕೆರೆದುಕೊಂಡು, ಆ ಗಲ್ಲಿಯಲ್ಲಿ ಮೂರು ದಿನ ಹೊಸ ಎಣಿಕೆ ಮಾಡಿ, ಅದು ಹೇಳಿದ ಹಾಗೆ ಬೇಲಿ ನಿರ್ಧರಿಸೋಣ ಎಂದ. ಅಶ್ವಿನಿ ಕ್ಯಾಮೆರಾ ಇಡುವುದೆಂದಾಯಿತು. ನಾನೂ ಕೂರುತ್ತೇನೆ ಎಂದೆ. ಯಾಕೆ ಎಂದು ಯಾರೂ ಕೇಳಲಿಲ್ಲ, ಒಳ್ಳೆಯದಾಯಿತು.

ಇಸ್ತ್ರಿ ಅಂಗಡಿ ಈಗ ಮೊಬೈಲ್ ಅಂಗಡಿಯಾಗಿದೆ, ನೆರಳು ಅದೇ. ಈ ಸಲ ಹನ್ನೆರಡು ಗುಳಿ ಖಾಲಿ ಬಿಟ್ಟೆ. ಆ ಎರಡರಲ್ಲಿ ಒಂದು ಚಾಳಿನಿಂದ ಹೋಗುವವರಿಗೆ, ಇನ್ನೊಂದು ಬರುವವರಿಗೆ. ಹತ್ತಕ್ಕೊಂದು ಬೀಜ ಅಲ್ಲ, ಒಬ್ಬರಿಗೆ ಒಂದು. ಮಂಜೊಟ್ಟಿ ಸಾಲದೆಂದು ಮನೆಯಿಂದ ಹುಣಸೆ ಬೀಜದ ಡಬ್ಬಿಯನ್ನೂ ತಂದಿದ್ದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಗುಳಿಗಳು ತುಂಬಿ ಹೊರಗೆ ಚೆಲ್ಲುತ್ತಿದ್ದವು.

ಹತ್ತಕ್ಕೆ ಗಿರಿಜಕ್ಕ ಚಾಳಿನಿಂದ ಬಂದರು. ಕೂದಲು ಬೆಳ್ಳಗಾಗಿತ್ತು, ಎಡಗಾಲು ಎಳೆದು ಹಾಕುತ್ತಿದ್ದರು. "ದೇವರೇ, ಚೆನ್ನೆಮಣೆಯವರು! ಇನ್ನೂ ಆಟ ಮುಗೀಲಿಲ್ವಾ?" ಎಂದು ನಕ್ಕರು.

ಕೂರಿಸಿ ಎಲ್ಲ ಹೇಳಿದೆ. ಅಂದು ಎಣಿಸಿದ್ದು ಯಾತಕ್ಕೆ, ಗೀಟು ಎಳೆದದ್ದು, ಅದು ಸೊನ್ನೆಯಾದದ್ದು, ಗೋಡೆ ಎದ್ದದ್ದು. "ದಾರಿ ಮುಚ್ಚಿದ್ದು ಯಾರೂಂತ ಕೇಳಿದ್ರಿ. ಮುಚ್ಚಿಸಿದ್ದು ನಾನೇ. ಹೇಳುತ್ತೇನೆ ಅಂದು ಹೇಳಲೂ ಇಲ್ಲ" ಎಂದೆ.

ಅವರು ಮಣೆಯ ಆ ಎರಡು ಗುಳಿಗಳ ಕಡೆ ಬಗ್ಗಿದರು. "ನಿಮಗೆ ಮೂರು ದಿನ ಚಾ ತಂದುಕೊಟ್ಟದ್ದು ನಾನಲ್ವಾ?" ಎಂದರು.

"ಹೌದು."

"ಈ ಮಾರ್ಗ ದಾಟಿಯೇ ತಂದದ್ದಲ್ವಾ? ಚಾ ಹೊಟ್ಟೆಗೆ ಬಂತು, ತಂದವಳು ಲೆಕ್ಕಕ್ಕೆ ಬರ್ಲಿಲ್ಲ."

ಎದ್ದರು. ಸಂದಿಯಲ್ಲಿ ನುಸುಳಿ ಆಚೆಗೆ ಹೋದರು. ತಿರುಗಿ ನೋಡಲಿಲ್ಲ. ನಾನು ಒಂದು ಬೀಜ ಹಾಕಿದೆ. ಆ ಮೂರು ದಿನ ನನಗೆ ಚಾ ಬರಲಿಲ್ಲ. ಅವರು ಹೋಗುವಾಗ ಬರುವಾಗ ಮುಖ ಆಚೆ ತಿರುಗಿಸಿಕೊಂಡು ದಾಟುತ್ತಿದ್ದರು, ನಾನು ಪ್ರತಿ ಸಲವೂ ಬೀಜ ಹಾಕುತ್ತಿದ್ದೆ. ಪಕ್ಕದಲ್ಲಿದ್ದ ಅಶ್ವಿನಿ ಮೊದಲ ಬಾರಿಗೆ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದಳು. ಮುರುಕು ಮುರುಕು ಕನ್ನಡ. "ಅವರಿಗೆ ಕೋಪ ಬರಬೇಕು ಕಾಕಾ. ಬರದಿದ್ರೆ ನಂಗೆ ಬೇಜಾರು ಆಗ್ತಿತ್ತು."

ಮೂರು ದಿನದ ಎಣಿಕೆ ಮುಂದಿಟ್ಟಾಗ ಮೀಟಿಂಗಿನಲ್ಲಿ ವಾದಕ್ಕೆ ಜಾಗವೇ ಇರಲಿಲ್ಲ. ಆ ರಸ್ತೆಯಲ್ಲಿ ಗಾಡಿ ಹತ್ತುವ ಜನಕ್ಕಿಂತ ಅದನ್ನು ಅಡ್ಡ ದಾಟುವ ಜನ ಹೆಚ್ಚು. ಗಲ್ಲಿಯ ಎದುರು ಬೇಲಿಗೂ ಡಿವೈಡರಿಗೂ ಅಗಲವಾದ ಬಾಯಿ ಬಿಟ್ಟರು, ನೆಲವನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದರು, ಗಾಡಿಗೆ ಅದನ್ನೇ ಒಂದು ನಿಲ್ದಾಣ ಮಾಡಿದರು. ಹೇಗೂ ನಿಲ್ಲುವ ಗಾಡಿ, ಅಲ್ಲೇ ನಿಲ್ಲಲಿ ಎಂದದ್ದು ಅಶ್ವಿನಿ. ಉಳಿದ ಕಡೆ ಬೇಲಿ ಬಂದೇ ಬಂತು. ಅಲ್ಲಿ ಎಷ್ಟು ಗಲ್ಲಿಗಳ ಬಾಯಿ ಮುಚ್ಚಿತೋ, ಅವುಗಳ ಹಾಳೆಯಲ್ಲಿ ಯಾರ ಸೊನ್ನೆ ಇತ್ತೋ ನನಗೆ ಗೊತ್ತು. ನೀವು ಹೋಗಿ ಎಣಿಸಬೇಕಾದದ್ದು ಅಲ್ಲಿ.

ಗಾಡಿ ಓಡಿಸಿ ನೋಡುವ ಮೊದಲ ದಿನ ಅಶ್ವಿನಿ ನನ್ನನ್ನೂ ಕರೆದಳು. ಅದೇ ನೆರಳಲ್ಲಿ ಮಣೆ ಇಟ್ಟುಕೊಂಡು ಕೂತೆ. ಗಿರಿಜಕ್ಕ ಚಾಳಿನಿಂದ ಬಂದರು. ಈ ಸಲ ಮುಖ ತಿರುಗಿಸಲಿಲ್ಲ. ನನ್ನ ಎದುರು ನಿಂತರು.

"ಇದರಲ್ಲಿ ನಾನು ಯಾವುದು?"

ಒಂದು ಕೆಂಪು ಮಂಜೊಟ್ಟಿ ತೋರಿಸಿದೆ. "ನೀವು ದಾಟಿದ ಕೂಡಲೇ ಇದನ್ನು ಈ ಗುಳಿಗೆ ಹಾಕುವುದು."

"ಬರುವಾಗ?"

"ಬರುವಾಗ ಇನ್ನೊಂದು, ಈ ಗುಳಿಗೆ."

"ಹಾಗಾದ್ರೆ ಎರಡನ್ನೂ ಈಗಲೇ ಹಾಕಿ. ಮತ್ತೆ ಮರೆತುಬಿಟ್ರೆ?"

"ಇಲ್ಲ ಗಿರಿಜಕ್ಕ. ಬಂದ ಮೇಲೆ ಹಾಕುತ್ತೇನೆ."

ಅವರು ನನ್ನನ್ನು ಒಂದು ಕ್ಷಣ ನೋಡಿ ರಸ್ತೆಗೆ ತಿರುಗಿದರು. ಬಿಳಿ ಗಾಡಿ ಸದ್ದಿಲ್ಲದೆ ಬರುತ್ತಿತ್ತು. ಗಿರಿಜಕ್ಕ ಅಂಗೈ ಎತ್ತಿ ತೋರಿಸಿದರು. ಎದುರು ನೋಡಲು ಕಣ್ಣು ಯಾರದ್ದೂ ಇರಲಿಲ್ಲ, ಆದರೂ ಗಾಜಿನ ಕಡೆ ನೆಟ್ಟಗೆ ನೋಡಿಯೇ ಹೆಜ್ಜೆ ಇಟ್ಟರು. ಅದು ನಿಂತಿತು. ಅವರು ಕಾಲೆಳೆದುಕೊಂಡು ನಿಧಾನವಾಗಿ ದಾಟಿ ಹೋಟೆಲಿನೊಳಗೆ ಹೋದರು. ನಾನು ಮೊದಲ ಬೀಜ ಹಾಕಿದೆ. ಎರಡನೆಯದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

ಹತ್ತು ನಿಮಿಷವಾಯಿತು. ಗಾಡಿ ಒಂದು ಸುತ್ತು ಹೋಗಿ ಬಂತು. ಕೆಲಸಕ್ಕೆ ಹೋದವರು ಮಧ್ಯಾಹ್ನದ ಮೊದಲು ಯಾಕೆ ಬರುತ್ತಾರೆ ಎಂದುಕೊಂಡೆ. ಬೀಜ ಅಂಗೈಯಲ್ಲಿ ಬೆವರಿ ಬೆಚ್ಚಗಾಯಿತು.

ಹೋಟೆಲಿನ ಬಾಗಿಲಲ್ಲಿ ಗಿರಿಜಕ್ಕ ಕಂಡರು. ಒಂದು ಕೈಯನ್ನು ಗಾಡಿಗೆ ಅಡ್ಡ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಚಾದ ಲೋಟ ಇತ್ತು. ಗಾಡಿ ನಿಂತಿತು. ಅವರು ದಾಟಿ ಬಂದು ನನ್ನೆದುರು ಲೋಟ ಚಾಚಿದರು. ನಾನು ಮೊದಲು ಬೀಜವನ್ನು ಗುಳಿಗೆ ಹಾಕಿದೆ, ಆಮೇಲೆ ಚಾ ತೆಗೆದುಕೊಂಡೆ.